ಮೂಲ್ಕಿಯಲ್ಲಿ ಅಲೆ ಹತ್ತಿದ್ದು, ಪಡುಬಿದ್ರಿಯಲ್ಲಿ ಕಡಲಿಗಿಳಿದದ್ದು

ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿತೆ ಅಂದರೆ ಎಲ್ಲರೂ ಕೇಳುವುದು ಒಂದೇ, ಹಲಗೆ ಮೇಲೆ ಎದ್ದು ನಿಂತೆಯಾ ಅಂತ. ನಿಂತೆ. ಬಿದ್ದದ್ದು ಅದಕ್ಕಿಂತ ಬಹಳ ಜಾಸ್ತಿ. ಆದರೆ ಅಲ್ಲಿ ಹೆಚ್ಚು ಹೊತ್ತು ಕಲಿತದ್ದು ದಡದಲ್ಲಿ ನಿಂತು ಕಡಲು ನೋಡುವುದನ್ನು. ಎಲ್ಲಿ ಇಳಿಯಬಹುದು, ಎಲ್ಲಿ ಕಾಲು ಕೂಡ ಇಡಬಾರದು ಅಂತ ಗುರುತು ಹಿಡಿಯುವುದನ್ನು. ನಮ್ಮಂಥ ಬಯಲುಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ನಾನು ಚಿತ್ರದುರ್ಗದ ಕಡೆಯವನು. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಈಗ ಬೆಂಗಳೂರಿನಲ್ಲಿ ಆಗಾಗ ಈಜುಕೊಳಕ್ಕೆ ಹೋಗುತ್ತೇನೆ. ಅಕ್ಕನಿಗೆ ಈಜು ಬರುವುದಿಲ್ಲ. ಅಕ್ಕನ ಮಗಳು ಹೈಸ್ಕೂಲು, ಶಾಲೆಯ ಈಜು ತಂಡದಲ್ಲಿದ್ದಾಳೆ, ನನಗಿಂತ ಜೋರು. ರಜೆ ಬಂದರೆ ಸಾಕು, ಸಮುದ್ರಕ್ಕೆ ಹೋಗೋಣ ಅಂತ ಅವಳದು ಒಂದೇ ಹಠ. ಅಕ್ಕ ಒಪ್ಪುತ್ತಲೇ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಮುರುಡೇಶ್ವರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರಲ್ಲ, ಆ ಸುದ್ದಿ ಅವಳ ತಲೆಯಿಂದ ಹೋಗಿರಲಿಲ್ಲ. ಮಗಳದ್ದೂ ಅದೇ ವಯಸ್ಸು ಅಂದಾಗ ನಾನು ಎದುರು ಮಾತಾಡಲಿಲ್ಲ. ಏನಂತ ಮಾತಾಡುವುದು?

ಕೊನೆಗೆ ರಾಜಿಯಾದದ್ದು ಹೀಗೆ. ಸುಮ್ನೆ ಬೀಚಿಗೆ ಹೋಗಿ ನೀರಾಡುವುದಿಲ್ಲ. ಕಲಿಸುವವರು ಪಕ್ಕದಲ್ಲಿ ಇರುವ ಕಡೆ, ಇಲ್ಲವೇ ಜೀವರಕ್ಷಕರು ಕಣ್ಣಿಟ್ಟಿರುವ ಕಡೆ ಮಾತ್ರ ಇಳಿಯುವುದು. ಹಾಗೆ ಹುಡುಕಿದಾಗ ಸಿಕ್ಕಿದ್ದು ಮೂಲ್ಕಿ, ಅದರ ಪಕ್ಕದಲ್ಲೇ ಪಡುಬಿದ್ರಿ.

ಮೂಲ್ಕಿ ಇರುವುದು ಮಂಗಳೂರಿನಿಂದ ಉಡುಪಿ ಕಡೆಗೆ, ಹೆದ್ದಾರಿ 66ರಲ್ಲಿ ಸುಮಾರು 30 ಕಿಲೋಮೀಟರ್ ದೂರ. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಹೆದ್ದಾರಿಯ ಬದಿಯಲ್ಲೇ ಇದೆ, ಬೆಂಗಳೂರಿನ ರಾತ್ರಿ ಬಸ್ಸಿನವರಿಗೆ ಆ ಹೆಸರು ಹೇಳಿದರೆ ಸಾಕು. ಊರಿನ ಪಕ್ಕದಲ್ಲಿ ಶಾಂಭವಿ ನದಿ. ದಕ್ಷಿಣದ ಕಡೆಯಿಂದ ನಂದಿನಿ ಬರುತ್ತದೆ. ಎರಡೂ ಸೇರಿ ಕಡಲಿಗೆ ಬೀಳುವ ಜಾಗದಲ್ಲಿ ಈ ಕಡೆ ಸಸಿಹಿತ್ಲು, ಆ ಕಡೆ ಹೆಜಮಾಡಿ ಕೋಡಿ. ನೋಡಲು ತುಂಬಾ ಚಂದ. ಇಳಿಯಲು ಅಷ್ಟೇ ಕೆಟ್ಟದು, ಅದನ್ನು ಮುಂದೆ ಹೇಳುತ್ತೇನೆ.

ಭಾರತದಲ್ಲಿ ಸರ್ಫಿಂಗ್ ಅಂದರೆ ಈ ಊರಿನ ಹೆಸರು ಬಂದೇ ಬರುತ್ತದೆ. ಅಮೆರಿಕದ ಜಾಕ್ ಹೆಬ್ನರ್ ಅನ್ನುವವರು ಸನ್ಯಾಸ ತೆಗೆದುಕೊಂಡು ಭಾರತದಲ್ಲೇ ನೆಲೆ ನಿಂತು, 2004ರಲ್ಲಿ ಮೂಲ್ಕಿಯ ತಮ್ಮ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಅಂತಲೇ ಕರೆಯುತ್ತಿದ್ದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನಿಂತು ಹುಟ್ಟು ಹಾಕುವ ಸ್ಟ್ಯಾಂಡ್ ಅಪ್ ಪ್ಯಾಡಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತನ್ವಿ ಜಗದೀಶ್ ಇದೇ ಊರಿನವರು. ಅಕ್ಕನ ಮಗಳಿಗೆ ಈ ಕೊನೆಯ ವಿಷಯ ಮೊದಲೇ ಗೊತ್ತಿತ್ತು. ಹಠದ ಹಿಂದೆ ಇದ್ದದ್ದೂ ಅದೇ ಅಂತ ನನಗೆ ಆಮೇಲೆ ಗೊತ್ತಾಯಿತು.

ಈಗ ಆ ಸುತ್ತಮುತ್ತ ಕಲಿಸುವವರು ಹಲವರಿದ್ದಾರೆ. ನಾವು ಹೋದ ಕಡೆಯ ಹೆಸರು ಬರೆಯುವುದಿಲ್ಲ, ಜಾಹೀರಾತು ಆಗಿಬಿಡುತ್ತದೆ. ಕೋಚ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಮೀನುಗಾರರ ಮನೆಯವನು. ಮೊದಲು ಒಂದು ಫಾರಂ ತುಂಬಿಸಿದ. ಆಸ್ತಮಾ ಇದೆಯಾ, ಫಿಟ್ಸ್ ಬರುತ್ತದಾ, ಭುಜ ಜಾರಿದ್ದು ಉಂಟಾ, ಹಿಂದಿನ ರಾತ್ರಿ ಕುಡಿದಿದ್ದೀರಾ. ಕೊನೆಯದನ್ನು ಅಕ್ಕನ ಎದುರಿಗೇ ಕೇಳಿದ.

"ಈಜ್ಲಿಕ್ಕೆ ಬರ್ತದಾ ಅಣ್ಣಾ?"

"ಬರುತ್ತೆ. ಬಾವಿಯಲ್ಲಿ ಕಲಿತದ್ದು."

"ಬಾವಿ ನೀರು ನಿಂತಲ್ಲೇ ಇರ್ತದೆ. ಇದು ಹಾಗಲ್ಲ. ಮೊದಲು ಇಲ್ಲಿ ಕೂತು ಸ್ವಲ್ಪ ನೋಡುವ."

ಕೂತೆವು. ಬೆಳಗ್ಗೆ ಏಳರ ಒಳಗಿನ ಹೊತ್ತು, ಬಿಸಿಲು ಇನ್ನೂ ತೆಂಗಿನ ತಲೆ ದಾಟಿರಲಿಲ್ಲ. ಎಲ್ಲ ಅಲೆಯೂ ಒಂದೇ ಅಂದುಕೊಂಡರೆ ಹಾಗಲ್ಲ. ಸಣ್ಣ ಸಣ್ಣವು ಬರುತ್ತಾ ಇರುತ್ತವೆ, ಆಮೇಲೆ ಒಂದರ ಹಿಂದೆ ಒಂದು ನಾಲ್ಕೈದು ದೊಡ್ಡವು, ಮತ್ತೆ ತಣ್ಣಗೆ. ಈ ಗುಂಪಿಗೆ ಅವರು ಸೆಟ್ ಅನ್ನುತ್ತಾರೆ. ಪ್ರವಾಸಿಗರು ನೀರಿಗಿಳಿಯುವುದು ಹೆಚ್ಚಾಗಿ ಆ ತಣ್ಣಗಿನ ಹೊತ್ತಿನಲ್ಲಿ. ಸೊಂಟದ ಮಟ್ಟ ಹೋಗಿ, ದಡದ ಕಡೆ ಮುಖ ಮಾಡಿ, ಫೋಟೋ ತೆಗೆಯಲು ಹೇಳುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ಸೆಟ್ ಬರುತ್ತದೆ. ಕಡಲಿಗೆ ಬೆನ್ನು ಹಾಕಬೇಡಿ ಅನ್ನುವುದು ಅವನ ಮೊದಲ ಪಾಠ. ವಾಪಸ್ ಬರುವಾಗ ಕೂಡ ಓರೆಯಾಗಿ, ಕಣ್ಣು ಅಲೆಯ ಮೇಲೆ ಇಟ್ಟುಕೊಂಡೇ ಬರಬೇಕು.

ಆಮೇಲೆ ಅವನು ಸ್ವಲ್ಪ ಬಲಕ್ಕೆ ಒಂದು ಜಾಗ ತೋರಿಸಿದ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ಅಲೆ ಒಡೆಯುವ ಸದ್ದು. ನಡುವೆ ಹತ್ತಿಪ್ಪತ್ತು ಅಡಿ ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಇಲ್ಲ. ನೀರಿನ ಬಣ್ಣ ಸ್ವಲ್ಪ ಗಾಢ. ಮೇಲೆ ಸಣ್ಣ ಸುಕ್ಕು. ಯಾರೇ ಆದರೂ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗಬೇಕು, ಅಷ್ಟು ಶಾಂತ.

"ಅದೇ ರಿಪ್. ಜನ ಹೋಗುದೇ ಅಲ್ಲಿ," ಅಂದ.

ಅವನು ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಅಲೆಗಳು ದಡಕ್ಕೆ ನೀರು ತರುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಲೇಬೇಕಲ್ವಾ? ದಡದಿಂದ ಒಂದಷ್ಟು ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತದೆ. ಅಲೆ ಒಡೆಯುವುದು ಅದರ ಮೇಲೆ. ದಿಬ್ಬಕ್ಕೂ ದಡಕ್ಕೂ ನಡುವೆ ನೀರು ತುಂಬಿಕೊಳ್ಳುತ್ತದೆ, ದಿಬ್ಬ ಎಲ್ಲಿ ತಗ್ಗಿದೆಯೋ ಅಲ್ಲಿಂದ ಕಡಲಿಗೆ ನುಗ್ಗುತ್ತದೆ. ತೂಬು ತೆಗೆದ ಕೆರೆಯ ಹಾಗೆ. ಆ ತಗ್ಗಿನಲ್ಲಿ ಆಳ ಜಾಸ್ತಿ ಇರುವುದರಿಂದ ಅಲೆ ಅಲ್ಲಿ ಒಡೆಯುವುದಿಲ್ಲ. ಒಂದು ಅಲೆ ಸಾಮಾನ್ಯವಾಗಿ ಒಡೆಯುವುದು ನೀರಿನ ಆಳ ಅದರ ಎತ್ತರದ ಒಂದೂಕಾಲು ಪಟ್ಟು ಆಸುಪಾಸಿಗೆ ಇಳಿದಾಗ. ಅಂದರೆ ಎರಡಡಿಯ ಅಲೆ ಒಡೆಯುತ್ತಿದೆ ಅಂದರೆ ಅಲ್ಲಿ ನೀರು ತೊಡೆ, ಹೆಚ್ಚೆಂದರೆ ಸೊಂಟದ ಮಟ್ಟ. ಒಡೆಯದೆ ಹಾಗೇ ಸಾಗಿತು ಅಂದರೆ ಕೆಳಗೆ ನೆಲ ದೂರ ಇದೆ. ನೊರೆ ಇರುವ ಕಡೆ ಕಾಲಿಗೆ ನೆಲ ಸಿಗುತ್ತದೆ, ನೊರೆ ಇಲ್ಲದ ಕಡೆ ಸಿಗದೇ ಹೋಗಬಹುದು. ಇಷ್ಟು ತಿಳಿದ ಮೇಲೆ ನಾನು ಬೇರೆ ಯಾವ ಬೀಚಿಗೆ ಹೋದರೂ ಮೊದಲು ಕಣ್ಣು ಹೋಗುವುದು ನೊರೆ ಇಲ್ಲದ ಪಟ್ಟಿ ಎಲ್ಲಿದೆ ಅನ್ನುವ ಕಡೆಗೆ.

ರಿಪ್ ಜನರನ್ನು ಕೆಳಕ್ಕೆ ಎಳೆಯುವುದಿಲ್ಲ. ಆಚೆಗೆ ಒಯ್ಯುತ್ತದೆ, ಅಲೆ ಒಡೆಯುವ ಸಾಲು ದಾಟಿದ ಮೇಲೆ ಹೆಚ್ಚಾಗಿ ಸುಸ್ತಾಗಿ ನಿಲ್ಲುತ್ತದೆ. ಜನ ಸಾಯುವುದು ಅದರ ಎದುರು ಈಜಿ ಈಜಿ ಕೈ ಸೋತು. ಅದರ ವೇಗ ಮಾಮೂಲಿಯಾಗಿ ಸೆಕೆಂಡಿಗೆ ಅರ್ಧ ಮೀಟರ್ ಇರಬಹುದು, ಕಡಲು ಜೋರಿದ್ದಾಗ ಎರಡು ಮೀಟರ್ ದಾಟುವುದೂ ಉಂಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್ ಈಜಿ ವಿಶ್ವದಾಖಲೆ ಮಾಡಿದ್ದು 46.40 ಸೆಕೆಂಡಿನಲ್ಲಿ. ಲೆಕ್ಕ ಹಾಕಿದರೆ ಅವನದ್ದೂ ಸೆಕೆಂಡಿಗೆ ಎರಡು ಮೀಟರ್ ಚಿಲ್ಲರೆ. ಇನ್ನು ಬಾವಿಯಲ್ಲಿ ಕಲಿತವನ ಕಥೆ ಬಿಡಿ.

ಸರಿ, ಹಲಗೆಗೆ ಬರೋಣ. ಹೊಸಬರಿಗೆ ಕೊಡುವುದು ಎಂಟು ಒಂಬತ್ತು ಅಡಿ ಉದ್ದದ ಮೆತ್ತನೆ ಫೋಮ್ ಹಲಗೆ. ಗಟ್ಟಿ ಫೈಬರ್ ಹಲಗೆ ತಲೆಗೆ ತಗುಲಿದರೆ ಹೊಲಿಗೆ ಹಾಕಿಸಬೇಕಾಗುತ್ತದೆ, ಇದು ತಗುಲಿದರೆ ಬುಗುಟೆ ಅಷ್ಟೇ. ಹಿಂದಿನ ಕಾಲಿನ ಹರಡಿಗೆ ಒಂದು ಪಟ್ಟಿ, ಅದರಿಂದ ಹಲಗೆಗೆ ಹಗ್ಗ. ಇದು ಲೀಶ್. ಹಲಗೆ ಅಲೆಯ ಜೊತೆ ಓಡಿಹೋಗದ ಹಾಗೆ ಹಿಡಿಯುತ್ತದೆ. ಅದನ್ನು ಕೈಗೆ ಸುತ್ತಿಕೊಳ್ಳಬಾರದು, ಬೆರಳು ಮುರಿಯುತ್ತದೆ. ಹಲಗೆಯನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬಾರದು, ಅಲೆ ಅದನ್ನು ನೇರ ನಿಮ್ಮ ಹೊಟ್ಟೆಗೆ, ಇಲ್ಲ ಹಲ್ಲಿಗೆ ತಂದು ಹೊಡೆಯುತ್ತದೆ. ಯಾವಾಗಲೂ ಪಕ್ಕದಲ್ಲಿ, ಮೂತಿ ಕಡಲ ಕಡೆಗೆ.

ಮರಳಿನ ಮೇಲೆ ಅಭ್ಯಾಸ. ಹಲಗೆ ಮೇಲೆ ಬೋರಲು ಮಲಗು, ಎರಡೂ ಕೈಯಿಂದ ನೀರು ಎಳೆಯುವ ಹಾಗೆ ಎಳೆ, ಎದೆ ಎತ್ತು, ಒಂದೇ ಸಲಕ್ಕೆ ನೆಗೆದು ಎರಡೂ ಪಾದ ಊರು. ಮೊಣಕಾಲು ಊರಿ ಏಳುವ ಅಭ್ಯಾಸ ಮಾಡಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ ಅಂತ ಅವನು ಪದೇ ಪದೇ ಬೈಯುತ್ತಿದ್ದ. ಬೆಳಗ್ಗೆ ದಡದಲ್ಲಿ ವಾಕಿಂಗ್ ಬಂದಿದ್ದ ಅಜ್ಜಿಯೊಬ್ಬರು ನಿಂತು ನಾನು ಮರಳಿನ ಮೇಲೆ ಈಜುವುದನ್ನು ನೋಡಿ ತುಳುವಿನಲ್ಲಿ ಏನೋ ಅಂದರು. ಕೋಚ್ ನಕ್ಕ. ಅರ್ಥ ಹೇಳು ಅಂದರೆ ಹೇಳಲಿಲ್ಲ.

ಬೀಳುವುದಕ್ಕೂ ಪಾಠ ಇದೆ. ನನ್ನ ಪ್ರಕಾರ ಅದೇ ಮುಖ್ಯ ಪಾಠ. ತಲೆ ಮುಂದೆ ಮಾಡಿ ಡೈವ್ ಹೊಡೆಯಬಾರದು, ಕೆಳಗೆ ನೀರು ಮೊಣಕಾಲಷ್ಟೇ ಇದ್ದರೆ ಕುತ್ತಿಗೆ ಹೋಗುತ್ತದೆ. ಕೈಕಾಲು ಹರಡಿಕೊಂಡು ಚಪ್ಪಟೆಯಾಗಿ, ಬೆನ್ನಿನ ಮೇಲೋ ಪಕ್ಕಕ್ಕೋ ಬೀಳಬೇಕು. ಮೇಲೆ ಬರುವಾಗ ಒಂದು ಕೈ ತಲೆಯ ಮೇಲೆ ಅಡ್ಡ ಇಟ್ಟುಕೊಂಡೇ ಬರಬೇಕು, ಹಲಗೆ ಎಲ್ಲಿ ತೇಲುತ್ತಿದೆಯೋ ಗೊತ್ತಿರುವುದಿಲ್ಲ.

ನೀರಲ್ಲಿ ನಿಂತದ್ದು ಸೊಂಟದ ಮಟ್ಟದಲ್ಲೇ. ಒಡೆದು ನೊರೆಯಾದ ಅಲೆ ಬರುವಾಗ ಕೋಚ್ ಹಿಂದಿನಿಂದ ಹಲಗೆ ತಳ್ಳುತ್ತಾನೆ, "ಎಳೀರಿ ಎಳೀರಿ, ಏಳಿ!" ಅಂತ ಕೂಗುತ್ತಾನೆ. ಅಷ್ಟೇ. ಅಕ್ಕನ ಮಗಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ, ಎದ್ದಳು, ಮೊಣಕಾಲು ಮಡಚಿ, ಕೈ ಚಾಚಿ ದಡದವರೆಗೂ ಬಂದು ಮರಳಿಗೆ ಇಳಿದು ಮೆಟ್ಟಿಲು ಇಳಿದವಳ ಥರ ನಡೆದು ಬಂದಳು. ನನಗೆ ಅದು ಆಗಲು ತುಂಬಾ ಸಮಯ ಹಿಡಿಯಿತು. ಕಾಲು ನೋಡಿಕೊಂಡರೆ ಬಿದ್ದೆ ಅಂತಲೇ ಅರ್ಥ. ದೂರದ ತೆಂಗಿನ ಮರ ನೋಡಿ ಅಂದ. ನೋಡಿದೆ. ಒಂದು ಸಲ ಹಲಗೆ ಅಡಿಯಲ್ಲಿ ನೀರು ಓಡುವುದು ಪಾದಕ್ಕೆ ಗೊತ್ತಾಯಿತು, ಮೂರ್ನಾಲ್ಕು ಸೆಕೆಂಡು ಇರಬಹುದು, ಬಾಯಿಂದ ಏನೋ ಕೂಗು ಬಂತು. "ಮಾಮ, ಬಾಯಿ ಮುಚ್ಚಿಕೊಂಡು ಬೀಳು, ಉಪ್ಪು ನೀರು ಹೋಗತ್ತೆ" ಅಂತ ಇವಳ ಉಪದೇಶ.

ಅಲೆ ಸಣ್ಣದಿದ್ದ ಒಂದು ಬೆಳಗ್ಗೆ ಕೋಚ್ ನನ್ನನ್ನೊಬ್ಬನನ್ನೇ ಕರೆದ. ಈಜು ಬರುತ್ತದೆ, ಹಲಗೆ ಮೇಲೆ ಮಲಗಿ ಕೈಯಿಂದ ನೀರು ಎಳೆಯುವುದೂ ಬಂದಿದೆ, ಇನ್ನು ರಿಪ್ ಅಂದರೆ ಏನು ಅಂತ ಮೈಗೆ ಗೊತ್ತಾಗಬೇಕು ಅಂದ. ಸರ್ಫಿಂಗ್ ಮಾಡುವವರು ಅದನ್ನು ಬೇಕಂತಲೇ ಬಳಸುತ್ತಾರೆ. ಆಚೆ ಹೋಗಲು ಅಲೆಗಳ ಜೊತೆ ಗುದ್ದಾಡುವ ಬದಲು ರಿಪ್‌ನಲ್ಲಿ ಮಲಗಿದರೆ ಅದೇ ಕರೆದುಕೊಂಡು ಹೋಗುತ್ತದೆ. ಅವನು ಒಂದು ಹಲಗೆ, ನಾನು ಒಂದು ಹಲಗೆ, ಇಬ್ಬರ ಕಾಲಿಗೂ ಲೀಶ್. ಆ ಶಾಂತ ಪಟ್ಟಿಗೆ ಹೋಗಿ ಕೈ ಆಡಿಸದೆ ಸುಮ್ನೆ ಮಲಗಿದೆವು.

ಏನೂ ಅನಿಸಲಿಲ್ಲ. ಅದೇ ಭಯ ಹುಟ್ಟಿಸುವ ವಿಷಯ. ಎಳೆದ ಹಾಗೆ ಇಲ್ಲ, ನೂಕಿದ ಹಾಗೆ ಇಲ್ಲ, ನೀರು ಸದ್ದೂ ಮಾಡುವುದಿಲ್ಲ. ತಲೆ ತಿರುಗಿಸಿ ದಡ ನೋಡಿದರೆ ಅಕ್ಕ ಸಣ್ಣದಾಗಿದ್ದಾಳೆ. ಮತ್ತೆ ನೋಡಿದರೆ ಇನ್ನೂ ಸಣ್ಣ. ಈಗ ದಡದ ಕಡೆ ತಿರುಗಿ ಬಲ ಇದ್ದಷ್ಟೂ ಎಳೀರಿ ಅಂದ. ಎಳೆದೆ. ಭುಜ ಉರಿಯುವವರೆಗೂ ಎಳೆದೆ. ಎದುರಿನ ಎರಡು ತೆಂಗಿನ ಮರ ಇದ್ದಲ್ಲೇ ಇದ್ದವು, ಹತ್ತಿರ ಬರಲೇ ಇಲ್ಲ. ಹಲಗೆ ಇರುವುದರಿಂದ ಸುಸ್ತಾದಾಗ ಅದರ ಮೇಲೆ ಕೆನ್ನೆ ಇಟ್ಟು ಮಲಗಿದೆ. ಹಲಗೆ ಇಲ್ಲದವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಅಲ್ಲೇ ಹೊಟ್ಟೆಯೊಳಗೆ ತಣ್ಣಗಾಯಿತು.

"ಈಗ ದಡ ಮರೆತುಬಿಡಿ. ಅಡ್ಡ ಹೋಗುವ," ಅಂದ. ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಎಳೆದೆವು. ಸ್ವಲ್ಪ ದೂರ ಅಷ್ಟೇ. ಇದ್ದಕ್ಕಿದ್ದ ಹಾಗೆ ನೀರು ಸಡಿಲವಾಯಿತು, ಹಿಂದಿನಿಂದ ಅಲೆ ಬಂದು ಹಲಗೆ ಎತ್ತಿತು, ನಾವೇನೂ ಮಾಡದೆ ಅದೇ ದಡಕ್ಕೆ ತಂದು ಬಿಟ್ಟಿತು. ಹಲಗೆ ಇಲ್ಲದೆ ಸಿಕ್ಕಿಹಾಕಿಕೊಂಡರೂ ಕ್ರಮ ಇದೇ. ಮೊದಲು ಬೆನ್ನ ಮೇಲೆ ಮಲಗಿ ತೇಲುವುದು, ಉಸಿರು ಸರಿ ಮಾಡಿಕೊಳ್ಳುವುದು. ಒಂದು ಕೈ ಮೇಲೆತ್ತಿ ಆಡಿಸುವುದು. ಸೆಳೆತ ಕಡಿಮೆಯಾದ ಮೇಲೆ ಅಡ್ಡಕ್ಕೆ, ನೊರೆಯ ಕಡೆಗೆ. ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಬಾವಿಗಿಂತ ಅಲ್ಲಿ ತೇಲುವುದು ಸುಲಭ. ಇನ್ನೊಬ್ಬರನ್ನು ಉಳಿಸಲು ಬರಿಗೈಯಲ್ಲಿ ಹಾರಬೇಡಿ ಅಂತಲೂ ಹೇಳಿದ. ತೇಲುವಂಥದ್ದು ಏನಾದರೂ ಎಸೆಯಿರಿ. ಖಾಲಿ ನೀರಿನ ಕ್ಯಾನ್ ಆದರೂ ಆಗುತ್ತದೆ.

ಅಕ್ಕ ಮಧ್ಯಾಹ್ನದ ಊಟದವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಕೋಚ್ ಹತ್ತಿರ ಮಾತ್ರ ಚೆನ್ನಾಗಿಯೇ ಮಾತಾಡಿದಳು. ಬಂಗುಡೆ ಪುಳಿಮುಂಚಿ, ನೀರ್ ದೋಸೆ ಬಂದ ಮೇಲೆ ಸ್ವಲ್ಪ ಸರಿಹೋದಳು.

ನದಿಯ ಬಾಯಿಯ ವಿಷಯ. ಅಲ್ಲಿ ಅದಕ್ಕೆ ಅಳಿವೆ ಅನ್ನುತ್ತಾರೆ. ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ಮರಳಿನ ನಾಲಿಗೆ, ಸಂಜೆ ಹೊತ್ತು ಫೋಟೋಗೆ ಜನವೋ ಜನ. ಇಳಿತದ ಹೊತ್ತಿನಲ್ಲಿ ನದಿಯ ನೀರೂ, ಉಬ್ಬರದಲ್ಲಿ ಒಳಗೆ ನುಗ್ಗಿದ್ದ ನೀರೂ ಒಟ್ಟಿಗೆ ಆ ಸಣ್ಣ ಬಾಯಿಯಿಂದ ಆಚೆ ಹೋಗುತ್ತದೆ. ಎದುರಿನಿಂದ ಅಲೆ ಬಂದು ಗುದ್ದುತ್ತದೆ. ಕೆಳಗಿನ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬರು ಹೇಳಿದರು, "ನಿನ್ನೆ ಇದ್ದ ಮರಳು ಇವತ್ತು ಇರುದಿಲ್ಲ ಮಾರಾಯ್ರೆ. ನಾವೇ ನೋಡಿ ನೋಡಿ ದೋಣಿ ತರುದು, ನಿಮಗೆ ಎಂತ ಗೊತ್ತಾಗ್ತದೆ." ಅಳಿವೆಯಲ್ಲಿ ಈಜು ಬೇಡವೇ ಬೇಡ, ದಡದ ಮರಳಿನ ತುದಿಯಲ್ಲಿ ನಿಲ್ಲುವುದೂ ಬೇಡ.

ಅದೇ ನದಿಯಲ್ಲಿ ಸ್ವಲ್ಪ ಒಳಗೆ ಹೋದರೆ ಬೇರೆಯೇ ಲೋಕ. ಅಕ್ಕ ನೀರಿಗಿಳಿಯಲು ಒಪ್ಪಿದ್ದು ಅಲ್ಲಿ. ಲೈಫ್ ಜಾಕೆಟ್ ಹಾಕಿಕೊಂಡು ಇಬ್ಬರು ಕೂರುವ ಕಯಾಕ್‌ನಲ್ಲಿ ನಾನು ಹಿಂದೆ, ಅವಳು ಮುಂದೆ. ಶಾಂಭವಿಯ ಅಂಚಿನಲ್ಲಿ ಕಾಂಡ್ಲಾ ಗಿಡಗಳು, ಅಂದರೆ ಮ್ಯಾಂಗ್ರೋವ್, ಬೇರು ಮೇಲೆತ್ತಿಕೊಂಡು ನಿಂತಿರುತ್ತವೆ, ನೀರು ಕನ್ನಡಿ ಥರ ಏನೂ ಇಲ್ಲ, ಕೆಸರು ಬಣ್ಣವೇ, ಆದರೆ ಅಲೆ ಇಲ್ಲ. ತಲೆ ಮೇಲೆ ಬಿಳಿ ತಲೆಯ ಗರುಡ. ಇಲ್ಲಿ ಲೆಕ್ಕ ಎಲ್ಲ ಉಬ್ಬರ ಇಳಿತದ್ದು. ಉಬ್ಬರ ಏರುವಾಗ ನದಿಯೊಳಗೆ ಹೋಗಿ, ಇಳಿತ ಶುರುವಾದಾಗ ವಾಪಸ್ ಬಂದರೆ ಕೈಗೆ ಅರ್ಧ ಕೆಲಸ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಇವತ್ತು ಏಳಕ್ಕೆ ಹೊರಟರೆ ನಾಳೆಯೂ ಏಳಕ್ಕೇ ಅನ್ನುವಂತಿಲ್ಲ. ಮತ್ತೆ ಗಾಳಿ. ಬೆಳಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ ಜೋರಾಗಿ. ಬೆಳಗಿನ ಗಾಳಿಗೆ ಕಡಲು ನಯವಾಗಿ ಕಾಣುತ್ತದೆ ಅಂತ ಪ್ಯಾಡಲ್ ಹಲಗೆಯನ್ನು ಅಲ್ಲಿಗೆ ಒಯ್ದರೆ ನಿಂತ ಮೈಯೇ ಹಾಯಿ ಆಗಿ ಆಚೆ ತೇಲಿಸಿಬಿಡುತ್ತದೆ. ಹೊಸಬರಿಗೆ ಅದು ನದಿಯಲ್ಲೇ ಸರಿ.

ಇನ್ನು ಪಡುಬಿದ್ರಿ. ಮೂಲ್ಕಿಯಿಂದ ಉಡುಪಿ ಕಡೆಗೆ ಹೋದರೆ ಹೆಜಮಾಡಿ ದಾಟಿದ ಮೇಲೆ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಬಂತು, ಅದರಲ್ಲಿ ನಮ್ಮವು ಎರಡು. ಒಂದು ಹೊನ್ನಾವರದ ಕಾಸರಕೋಡು, ಇನ್ನೊಂದು ಇದು. ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಸಂಸ್ಥೆ ಕೊಡುವ ಗುರುತು ಅದು, 33 ಷರತ್ತು ಇವೆ. ನೀರಿನ ಪರೀಕ್ಷೆ, ಜೀವರಕ್ಷಕರು, ಗುರುತು ಹಾಕಿದ ಈಜುವ ಜಾಗ, ಬಟ್ಟೆ ಬದಲಿಸುವ ಕೋಣೆ, ಶವರ್. ನೀರು ಎಷ್ಟು ಶುದ್ಧ ಇರಬೇಕು ಅನ್ನುವುದಕ್ಕೂ ಮಿತಿ ಇದೆ, 100 ಮಿಲಿಲೀಟರಿನಲ್ಲಿ ಇ-ಕೋಲಿ ಅನ್ನುವ ಬ್ಯಾಕ್ಟೀರಿಯಾದ ಎಣಿಕೆ 250 ದಾಟಬಾರದು. ಪರೀಕ್ಷೆಯ ಫಲಿತಾಂಶವನ್ನು ಬೋರ್ಡಿನಲ್ಲಿ ಹಾಕಬೇಕು ಅನ್ನುವುದೂ ಷರತ್ತು. ಬೋರ್ಡ್ ಓದಿಯೇ ಇಳಿಯಿರಿ.

ಬ್ಲೂ ಫ್ಲ್ಯಾಗ್ ಅಂದ ಮಾತ್ರಕ್ಕೆ ಕಡಲು ಬೇರೆ ಆಗುವುದಿಲ್ಲ. ಅದೇ ಅರಬ್ಬಿ ಸಮುದ್ರ, ಅದೇ ರಿಪ್. ಬೇರೆ ಆಗಿರುವುದು ದಡ. ನೋಡುವವರಿದ್ದಾರೆ, ಸೀಟಿ ಊದುವವರಿದ್ದಾರೆ. ಜೀವರಕ್ಷಕರ ಸೀಟಿಗೆ ಎಷ್ಟೋ ಜನ ಸಿಟ್ಟಾಗುವುದನ್ನು ನೋಡಿದೆ. ದುಡ್ಡು ಕೊಟ್ಟು ಒಳಗೆ ಬಂದಿದ್ದೇವೆ ಅನ್ನುವ ಧಾಟಿ. ಟಿಕೆಟ್ಟಿನ ದುಡ್ಡು ಆ ಸೀಟಿಗೇ ಅಲ್ವಾ?

ಅಕ್ಕ ಸೊಂಟದ ಮಟ್ಟದ ನೀರಿನಲ್ಲಿ ಮಗಳ ಕೈ ಮೇಲೆ ತಲೆ ಇಟ್ಟು ತೇಲಲು ಕಲಿತದ್ದು ಇಲ್ಲಿ. ಕಿವಿಗೆ ನೀರು ಹೋದಾಗ ಗಾಬರಿಯಾಗಿ ಎದ್ದುಬಿಡುತ್ತಿದ್ದಳು. ಗಲ್ಲ ಮೇಲೆತ್ತು, ಹೊಟ್ಟೆ ಮೇಲೆತ್ತು, ಉಸಿರು ತುಂಬಿಕೋ ಅಂತ ಇವಳು ಟೀಚರಮ್ಮ. ನಾನು ಕಾವಲು. ಇಳಿಯುವ ಮುಂಚೆ ದಡದಲ್ಲಿ ಒಂದು ಗುರುತು ಇಟ್ಟುಕೊಳ್ಳಬೇಕು ಅಂತ ಮೂಲ್ಕಿಯಲ್ಲಿ ಹೇಳಿದ್ದ, ನಾವು ಕಾವಲು ಗೋಪುರ ಇಟ್ಟುಕೊಂಡೆವು. ಆಟ ಆಡುತ್ತಾ ಇದ್ದರೆ ನೀರು ದಡದ ಉದ್ದಕ್ಕೂ ಪಕ್ಕಕ್ಕೆ ಸರಿಸುತ್ತಲೇ ಇರುತ್ತದೆ, ಗೊತ್ತೇ ಆಗುವುದಿಲ್ಲ. ಗೋಪುರ ಓರೆಯಾಗಿ ಕಂಡರೆ ಎದ್ದು ನಡೆದು ಮೊದಲಿನ ಜಾಗಕ್ಕೆ ಬರುವುದು. ನಡೆಯುವಾಗ ಪಾದ ಎತ್ತದೆ ಮರಳಲ್ಲಿ ಎಳೆದುಕೊಂಡು ನಡೆಯಬೇಕು, ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು.

ಬಾವುಟದ ಬಣ್ಣ ನೋಡಿ. ಕೆಂಪು ಇದ್ದರೆ ಚರ್ಚೆ ಬೇಡ. ಬಿಸಿಲು ಚೆನ್ನಾಗಿದ್ದು, ಗಾಳಿ ಇಲ್ಲದಿದ್ದರೂ ಕೆಂಪು ಇರಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಗಾಳಿಯ ಅಲೆ ಕೆಲವು ದಿನ ಕಳೆದು ಇಲ್ಲಿಗೆ ಬಂದು ತಲುಪುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಕರ್ನಾಟಕದ ಕರಾವಳಿಗೂ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿಕೊಳ್ಳುವುದು ಈಗ ನಮಗೆ ಅಭ್ಯಾಸವಾಗಿದೆ. ಫೋನಿನಲ್ಲಿ ಮೂರು ನಂಬರ್ ಇರಲಿ. 112 ಎಲ್ಲಕ್ಕೂ, 1093 ಕರಾವಳಿ ಕಾವಲು ಪೊಲೀಸರಿಗೆ, 1554 ಕೋಸ್ಟ್ ಗಾರ್ಡ್‌ಗೆ.

ಬರುವ ದಾರಿಯಲ್ಲಿ ಬೇರೊಂದು ಬೀಚಿಗೂ ಹೋದೆವು, ಹೆಸರು ಬೇಡ. ಜೆಟ್ ಸ್ಕೀಯವನು ಕೊಟ್ಟ ಲೈಫ್ ಜಾಕೆಟ್ಟಿಗೆ ಬಕಲ್ಲೇ ಇರಲಿಲ್ಲ, ಹಗ್ಗದಲ್ಲಿ ಗಂಟು ಹಾಕಿದ್ದ. ಬೇರೆ ಕೊಡಿ ಅಂದರೆ ಐದು ನಿಮಿಷದ ರೌಂಡಿಗೆ ಎಷ್ಟು ಮಾತಾಡ್ತೀರಿ ಅಂದ. ಅಕ್ಕನೇ ಮುಂದೆ ಬಂದು ಜಾಕೆಟ್ಟಿನ ಭುಜ ಹಿಡಿದು ಮೇಲೆ ಎಳೆದು ತೋರಿಸಿದಳು, ಅದು ಮಗಳ ಕಿವಿ ದಾಟಿ ತಲೆಯವರೆಗೂ ಬಂತು. ಕಿವಿಯ ಮಟ್ಟಕ್ಕೆ ಬಂದರೂ ಅದು ದೊಡ್ಡದು ಅಂತ ಅರ್ಥ, ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಹೋಗುತ್ತಾನೆ. ಮೂಲ್ಕಿಯಲ್ಲಿ ಕಲಿತ ಪರೀಕ್ಷೆ. ನಾವು ಹತ್ತಲಿಲ್ಲ. ಮಗಳು ಮುಖ ಊದಿಸಿಕೊಂಡಳು, ಗೋಳಿಬಜೆಯಲ್ಲಿ ಸಮಾಧಾನವಾಯಿತು.

ಯಾವಾಗ ಹೋಗಬೇಕು ಅಂತ ಕೇಳುವವರಿಗೆ: ಹೊಸಬರಿಗೆ ಅಕ್ಟೋಬರ್ ಕಳೆದ ಮೇಲೆ ಫೆಬ್ರವರಿಯವರೆಗೆ ಅಲೆ ಸಣ್ಣ, ಕಲಿಯಲು ಸುಲಭ. ಮೇ ಬಂದರೆ ದೊಡ್ಡದಾಗುತ್ತದೆ, ಅದು ಬಲ್ಲವರ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ಮೀನು ಮರಿ ಹಾಕುವ ಕಾಲ ಅಂತ. ಆ ಮಳೆಗಾಲದ ಕಡಲಿಗೆ ನಾವೂ ಇಳಿಯುವ ಮಾತಿಲ್ಲ. ತೋಳುದ್ದದ ಟೀ ಶರ್ಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಹಲಗೆ ಉಜ್ಜಿ ಹೊಟ್ಟೆಯ ಚರ್ಮ ಕಿತ್ತುಬರುತ್ತದೆ. ತಿಂದ ಕೂಡಲೇ ನೀರಿಗೆ ಬೇಡ, ಬಾಳೆಹಣ್ಣು ಒಂದು ಸಾಕು. ವಾಪಸ್ ಬಂದು ಒಂದೆರಡು ದಿನ ತಲೆ ಬಾಚಲು ಕೈ ಮೇಲೆ ಏಳುವುದಿಲ್ಲ, ಅದಕ್ಕೆ ಔಷಧಿ ಇಲ್ಲ.

ಮತ್ತೆ ಹೋಗುವ ಮಾತು ಈಗಲೇ ಶುರುವಾಗಿದೆ. ಈ ಸಲ ಅಕ್ಕ ಪ್ಯಾಡಲ್ ಹಲಗೆಯ ಮೇಲೆ ನಿಲ್ಲುತ್ತಾಳಂತೆ, ನದಿಯಲ್ಲಿ. ಅದಕ್ಕೆ ಮುಂಚೆ ಈಜು ಕಲಿಯಬೇಕು ಅಂತ ನಮ್ಮ ಏರಿಯಾದ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಹೆಸರು ಕೊಟ್ಟು ಬಂದಿದ್ದಾಳೆ. ಭಾವನಿಗೆ ಇನ್ನೂ ಹೇಳಿಲ್ಲ.